ವರ್ಷದ ಬೆಳವಣಿಗೆಯನ್ನು ತಿಂಗಳಿಗೆ ಇಳಿಸಿದಾಗ ಲೆಕ್ಕ ಕೂಡದಿದ್ದರೆ: ದೋಷ ಹುಡುಕುವ ಕೈಪಿಡಿ

10,000ದಿಂದ ಶುರುವಾಗಿ ವರ್ಷಕ್ಕೆ ಶೇ. 12ರಂತೆ ಬೆಳೆಯುವ ಒಂದು ಸೂತ್ರ ನಿಮ್ಮ ಹತ್ತಿರ ಇದೆ. ಅದನ್ನು ತಿಂಗಳ ಲೆಕ್ಕಕ್ಕೆ ಬದಲಾಯಿಸಿದಿರಿ. ಸ್ಪ್ರೆಡ್‌ಶೀಟ್‌ನಲ್ಲಿ 12 ತಿಂಗಳು ಕೆಳಗೆ ಎಳೆದು ನೋಡಿದರೆ 11,200 ಇರಬೇಕಾದ ಜಾಗದಲ್ಲಿ 11,268 ಕೂತಿದೆ. ಇಲ್ಲವೇ 11,095. ಇಲ್ಲವೇ ಬರೀ 10,095.

ಆ ಅಂಕಿಯನ್ನು ಅಳಿಸಬೇಡಿ. ನಿಮಗಿರುವ ಸುಳಿವು ಅದೇ. ಈ ಲೆಕ್ಕದಲ್ಲಿ ನಾವೆಲ್ಲ ಮಾಡುವ ತಪ್ಪುಗಳು ಹೆಚ್ಚೆಂದರೆ ಹತ್ತು ಹದಿನೈದು. ಬಹುಪಾಲು ತಪ್ಪುಗಳು ತಮ್ಮದೇ ಆದ ಒಂದು ಉತ್ತರ ಬಿಟ್ಟುಹೋಗುತ್ತವೆ. ಹೆಜ್ಜೆ ಗುರುತು ನೋಡಿ ಯಾವ ಪ್ರಾಣಿ ಅಂತ ಹೇಳಿದ ಹಾಗೆ, ವರ್ಷದ ಕೊನೆಯ ಅಂಕಿ ನೋಡಿಯೇ ಎಲ್ಲಿ ಎಡವಿದ್ದೀರಿ ಅಂತ ಹೇಳಬಹುದು.

ನಿಮ್ಮ ಅಸಲಿ ಲೆಕ್ಕದಲ್ಲಿ ಅಂಕಿಗಳು ಬೇರೆ ಇರುತ್ತವೆ, ಸರಿ. ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಹಾಳೆಯ ಒಂದು ನಕಲು ಮಾಡಿಕೊಳ್ಳಿ. ಆರಂಭದ ಬೆಲೆ 10,000, ವಾರ್ಷಿಕ ದರ ಶೇ. 12 ಅಂತ ಹಾಕಿ. ಬೇರೆ ಏನನ್ನೂ ಮುಟ್ಟಬೇಡಿ. ಈಗ 12ನೇ ತಿಂಗಳಲ್ಲಿ ಏನು ಬಂತು ಅಂತ ಬರೆದಿಟ್ಟುಕೊಳ್ಳಿ. ಕೆಳಗೆ ಹೇಳುವ ಅಂಕಿಗಳೆಲ್ಲ ಈ ಪರೀಕ್ಷೆಯವು.

ಮೊದಲು ಸರಿ ಇರುವ ಲೆಕ್ಕ

ವರ್ಷದ ಸೂತ್ರ ಹೀಗಿದೆ: 10,000 × 1.12^ವ. ಇಲ್ಲಿ ‘ವ’ ಅಂದರೆ ಎಷ್ಟು ವರ್ಷ ಅನ್ನುವುದು. ^ ಗುರುತು ಘಾತದ್ದು. ಕೆಲಸ ಮಾಡುತ್ತಿರುವ ಸಂಖ್ಯೆ 1.12, ಅಂದರೆ ಗುಣಕ. 0.12 ಬರೀ ದರ. ಒಂದು ವರ್ಷ ಕಳೆದರೆ ಒಮ್ಮೆ 1.12ರಿಂದ ಗುಣಿಸುತ್ತೀರಿ, ಎರಡು ವರ್ಷ ಕಳೆದರೆ ಎರಡು ಸಲ.

ತಿಂಗಳಿಗೆ ಇಳಿಸುವಾಗ ಕೇಳಬೇಕಾದ ಪ್ರಶ್ನೆ ಇಷ್ಟೇ: ಯಾವ ಸಂಖ್ಯೆಯಿಂದ 12 ಸಲ ಗುಣಿಸಿದರೆ ಒಟ್ಟು 1.12 ಆಗುತ್ತದೆ? ಅದು 1.12ರ 12ನೇ ಮೂಲ. 1.12^(1/12) = 1.00948879. ಅಂದರೆ ತಿಂಗಳಿಗೆ ಸುಮಾರು ಶೇ. 0.949. ತಿಂಗಳ ಸೂತ್ರ 10,000 × 1.00948879^ತಿ. ಇಲ್ಲಿ ‘ತಿ’ ಅಂದರೆ ಎಷ್ಟು ತಿಂಗಳು ಅನ್ನುವುದು. ಇದನ್ನೇ 10,000 × 1.12^(ತಿ/12) ಅಂತಲೂ ಬರೆಯಬಹುದು. ಎರಡೂ ಒಂದೇ. ಒಂದರಲ್ಲಿ ಗುಣಕವನ್ನು ಬದಲಾಯಿಸಿದ್ದೀರಿ, ಇನ್ನೊಂದರಲ್ಲಿ ಘಾತವನ್ನು. ಎರಡನ್ನೂ ಒಟ್ಟಿಗೆ ಮಾಡಿದರೆ ಏನಾಗುತ್ತದೆ ಅಂತ ಮುಂದೆ ನೋಡೋಣ.

ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ 12ನೇ ಮೂಲದ ಬಟನ್ ಇರುವುದಿಲ್ಲ. ಪರವಾಗಿಲ್ಲ. 12 ಅಂದರೆ 3 × 2 × 2. ಮೊದಲು ಘನಮೂಲ ತೆಗೆಯಿರಿ, ಆಮೇಲೆ ಎರಡು ಸಲ ವರ್ಗಮೂಲ. 1.12ರ ಘನಮೂಲ 1.0385, ಅದರ ವರ್ಗಮೂಲ 1.01907, ಮತ್ತೆ ವರ್ಗಮೂಲ 1.00949. ಕೈಯಲ್ಲಿ ಒಮ್ಮೆ ಹೀಗೆ ಮಾಡಿದರೆ ಸೂತ್ರದ ಮೇಲೆ ನಂಬಿಕೆ ಬರುತ್ತದೆ.

ಸಂಗೀತದ ಕೀಬೋರ್ಡ್ ನೋಡಿದವರಿಗೆ ಈ 12ನೇ ಮೂಲ ಹಳೆಯ ಪರಿಚಯ. 440 ಹರ್ಟ್ಸ್‌ನ ಮನೆಯಿಂದ 880 ಹರ್ಟ್ಸ್‌ನ ಮನೆಗೆ 12 ಹೆಜ್ಜೆ. ಆವರ್ತನ ಇಮ್ಮಡಿಯಾಗುತ್ತದೆ. ಆದರೆ 440ನ್ನು 12ರಿಂದ ಭಾಗಿಸಿ ಒಂದೊಂದು ಮನೆಗೂ 36.67 ಸೇರಿಸುತ್ತಾ ಹೋಗುವುದಿಲ್ಲ. ಒಂದೊಂದು ಮನೆಯೂ ಹಿಂದಿನದರ 1.05946 ಪಟ್ಟು, ಅಂದರೆ 2ರ 12ನೇ ಮೂಲದಷ್ಟು. ಹಾಗಾಗಿ ಮೊದಲ ಹೆಜ್ಜೆ 466.16, ಆರನೆಯದು 622.25. ಸಮನಾಗಿ ಕೂಡಿಸಿದ್ದರೆ ಆರನೇ ಹೆಜ್ಜೆ 660ಕ್ಕೆ ಬೀಳುತ್ತಿತ್ತು. ಅದು ಹೆಚ್ಚುಕಮ್ಮಿ ಏಳನೇ ಮನೆಯ ಸ್ವರ. ಕಿವಿ ಇರುವ ಯಾರಿಗಾದರೂ ತಪ್ಪು ಗೊತ್ತಾಗುತ್ತದೆ. ನಮ್ಮ ಸ್ಪ್ರೆಡ್‌ಶೀಟ್‌ಗೆ ಕಿವಿ ಇಲ್ಲ, ಅಷ್ಟೇ.

ಸರಿ ಇದ್ದರೆ ನಿಮ್ಮ ಹಾಳೆಯಲ್ಲಿ ಈ ನಾಲ್ಕು ಅಂಕಿ ಸಿಗಬೇಕು: 0ನೇ ತಿಂಗಳು 10,000, 6ನೇ ತಿಂಗಳು 10,583, 12ನೇ ತಿಂಗಳು 11,200, 24ನೇ ತಿಂಗಳು 12,544. ಜೊತೆಗೆ ಯಾವ ಸಾಲನ್ನೇ ಆಗಲಿ ಅದರ ಮೇಲಿನ ಸಾಲಿನಿಂದ ಭಾಗಿಸಿದರೆ 1.00948879 ಬರಬೇಕು, ಮೊದಲಿಂದ ಕೊನೆಯವರೆಗೂ ಬದಲಾಗದೆ. ಈ ಪಕ್ಕದ ಸಾಲಿನ ಭಾಗಾಕಾರಕ್ಕೆ ಒಂದು ಕಾಲಮ್ ಬಿಟ್ಟುಬಿಡಿ. ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

11,268 ಬಂದಿದ್ದರೆ

ದರವನ್ನು 12ರಿಂದ ಭಾಗಿಸಿದ್ದೀರಿ. ಎಲ್ಲಕ್ಕಿಂತ ಜಾಸ್ತಿ ಕಾಣುವ ತಪ್ಪು ಇದೇ. ಶೇ. 12 ಭಾಗಿಸು 12 ಅಂದರೆ ಶೇ. 1. ಎಷ್ಟು ಚೆಂದದ ಅಂಕಿ ಅಲ್ವಾ? ಚೆಂದ ಇರುವುದರಿಂದಲೇ ಯಾರೂ ಅನುಮಾನ ಪಡುವುದಿಲ್ಲ. ಆದರೆ 1.01^12 = 1.126825. ಎರಡನೇ ತಿಂಗಳ ಶೇ. 1 ಮೊದಲ ತಿಂಗಳ ಬೆಳವಣಿಗೆಯ ಮೇಲೂ ಬೀಳುತ್ತದೆ, ಮೂರನೆಯದು ಮೊದಲೆರಡರ ಮೇಲೆ. ಹೀಗೆ ಸೇರುತ್ತಾ ಹೋಗಿ ವರ್ಷಕ್ಕೆ ಶೇ. 12.68 ಆಗುತ್ತದೆ.

ಒಂದು ವರ್ಷಕ್ಕೆ 68 ಜಾಸ್ತಿ, ಅದರಲ್ಲೇನಿದೆ ಅನ್ನಿಸಬಹುದು. ಹತ್ತು ವರ್ಷ ಬಿಡಿ. ಸರಿಯಾದ ಲೆಕ್ಕ 31,058 ಕೊಡುತ್ತದೆ. ಭಾಗಿಸಿದ ಲೆಕ್ಕ 33,004.

ಈ ತಪ್ಪಿಗೆ ಒಂದು ಗುಣ ಇದೆ: ಉತ್ತರ ಯಾವಾಗಲೂ ಮೇಲಕ್ಕೇ ಹೋಗುತ್ತದೆ, ಕೆಳಗೆ ಬರುವುದೇ ಇಲ್ಲ. ಬೆಳವಣಿಗೆಯಾದರೂ ಅಷ್ಟೇ, ಇಳಿಕೆಯಾದರೂ ಅಷ್ಟೇ. ಬರ್ನೂಲಿ ಅಸಮತೆ ಅಂತ ಹೆಸರಿರುವ ಒಂದು ಗಣಿತದ ಮಾತು ಇದಕ್ಕೆ ಗ್ಯಾರಂಟಿ ಕೊಡುತ್ತದೆ. ಹಾಗಾಗಿ ನಿಮ್ಮ ಉತ್ತರ ಸರಿಯಾದದ್ದಕ್ಕಿಂತ ಕಡಿಮೆ ಇದ್ದರೆ ಭಾಗಾಕಾರವನ್ನು ದೂರಬೇಡಿ. ಬೇರೆ ಕಡೆ ಹುಡುಕಿ.

ದರ ದೊಡ್ಡದಾದಷ್ಟೂ ತಪ್ಪು ಎದ್ದು ಕಾಣುತ್ತದೆ. ವರ್ಷಕ್ಕೆ ಶೇ. 5 ಇದ್ದರೆ ಸರಿಯಾದ ತಿಂಗಳ ದರ 0.407, ಭಾಗಿಸಿದರೆ 0.417. ಕಣ್ಣಿಗೆ ಬೀಳುವುದೂ ಇಲ್ಲ. ಶೇ. 100 ಇದ್ದರೆ ಸರಿಯಾದದ್ದು 5.95, ಭಾಗಿಸಿದ್ದು 8.33. ಈ 8.33ನ್ನು 12 ತಿಂಗಳು ಓಡಿಸಿದರೆ ಇಮ್ಮಡಿ ಆಗುವ ಬದಲು 2.613 ಪಟ್ಟು ಆಗುತ್ತದೆ. ಗಣಿತಜ್ಞ ಯಾಕೋಬ್ ಬರ್ನೂಲಿ 1683ರಲ್ಲಿ ಚಕ್ರಬಡ್ಡಿಯ ವಿಷಯದಲ್ಲಿ ಇದೇ ದಾರಿ ಹಿಡಿದು ಹೋದ. ವರ್ಷವನ್ನು 12ರ ಬದಲು ಇನ್ನೂ ಸಣ್ಣ ಸಣ್ಣ ತುಂಡು ಮಾಡುತ್ತಾ ಹೋದರೆ ಈ 2.613 ಎಲ್ಲಿಗೆ ಮುಟ್ಟುತ್ತದೆ ಅಂತ ನೋಡಿದ. ಅದು 2.718ರ ಹತ್ತಿರ ನಿಲ್ಲುತ್ತದೆ. ಇವತ್ತು ನಾವು ‘ಇ’ ಅನ್ನುವ ಸಂಖ್ಯೆ ಅದೇ. ನಾವು ಇಲ್ಲಿ ತಪ್ಪು ಅನ್ನುತ್ತಿರುವ ಭಾಗಾಕಾರ ಅಷ್ಟು ದೊಡ್ಡ ಮನೆತನದ್ದು!

ಅಂದರೆ ಭಾಗಿಸುವುದೇ ಸರಿ ಅನ್ನುವ ಸಂದರ್ಭಗಳೂ ಇವೆ. ದೋಷ ಸರಿಪಡಿಸುವ ಮೊದಲು ಇದನ್ನು ನೋಡಿಕೊಳ್ಳಲೇಬೇಕು. ಸಾಲದ ಕರಾರಿನಲ್ಲಿ ‘ವಾರ್ಷಿಕ ಶೇ. 12, ತಿಂಗಳಿಗೊಮ್ಮೆ ಚಕ್ರಬಡ್ಡಿ’ ಅಂತ ಬರೆದಿದ್ದರೆ ಆ 12 ಹೆಸರಿಗೆ ಮಾತ್ರ ವರ್ಷದ್ದು. ಅದರ ಅರ್ಥವೇ ತಿಂಗಳಿಗೆ ಶೇ. 1 ಅಂತ. ಅಲ್ಲಿ ವರ್ಷದ ಕೊನೆಗೆ 11,268 ಬರುವುದೇ ಸರಿ, 11,200 ಬಂದರೆ ತಪ್ಪು. ಸ್ಪ್ರೆಡ್‌ಶೀಟ್‌ನಲ್ಲಿ ಇದಕ್ಕೆಂದೇ ಎಫೆಕ್ಟ್, ನಾಮಿನಲ್ ಅಂತ ಎರಡು ಫಂಕ್ಷನ್ ಇವೆ. ಎಫೆಕ್ಟ್‌ಗೆ 12% ಮತ್ತು 12 ಕೊಟ್ಟರೆ 12.68% ಹೇಳುತ್ತದೆ. ನಾಮಿನಲ್‌ಗೆ ಅದೇ ಕೊಟ್ಟರೆ 11.39% ಹೇಳುತ್ತದೆ. ‘ವರ್ಷಕ್ಕೆ ಶೇ. 12 ಬೆಳೆಯಿತು’ ಅನ್ನುವುದು ಆಗಿಹೋದ ಬೆಳವಣಿಗೆಯ ಮಾತಾದರೆ ಮೂಲ ತೆಗೆಯಿರಿ. ‘ಶೇ. 12ರ ಬಡ್ಡಿ’ ಅನ್ನುವುದು ಕರಾರಾದರೆ ಕರಾರನ್ನು ಇನ್ನೊಮ್ಮೆ ಓದಿ.

11,275 ಬಂದಿದ್ದರೆ

11,268ಕ್ಕೂ ಇದಕ್ಕೂ ಏಳೇ ವ್ಯತ್ಯಾಸ. ಆದರೆ ರೋಗ ಬೇರೆ. ಯಾರೋ 1.12ರ ಜಾಗದಲ್ಲಿ ಇ^0.12 ಹಾಕಿದ್ದಾರೆ. ಇ^0.12 = 1.1275.

ಇ ಇರುವ ಸೂತ್ರದಲ್ಲಿ ಘಾತದಲ್ಲಿರುವ ದರವನ್ನು 12ರಿಂದ ಭಾಗಿಸುವುದು ಪೂರ್ತಿ ಸರಿ. ಇ^(0.12 × ವ) ಅನ್ನುವುದು ಇ^(0.01 × ತಿ) ಆಗುತ್ತದೆ, ಒಂದು ಚೂರೂ ತಪ್ಪಿಲ್ಲದೆ. ತಪ್ಪು ಅದಕ್ಕಿಂತ ಮೊದಲೇ ಆಗಿದೆ: ಶೇ. 12ರ ಬೆಳವಣಿಗೆಯನ್ನು ಸೀದಾ ಘಾತಕ್ಕೆ ಏರಿಸಿದ್ದು. ಅಲ್ಲಿ ಕೂರಬೇಕಾದದ್ದು 1.12ರ ಸ್ವಾಭಾವಿಕ ಲಾಗ್, ಅಂದರೆ ‘ಇ’ಯನ್ನು ಯಾವ ಘಾತಕ್ಕೆ ಏರಿಸಿದರೆ 1.12 ಬರುತ್ತದೋ ಆ ಸಂಖ್ಯೆ: 0.11333. ಅದನ್ನು ಹಾಕಿ, ಆಮೇಲೆ ಸುಮ್ನೆ 12ರಿಂದ ಭಾಗಿಸಿ. 11,200ಕ್ಕೆ ಬಂದು ನಿಲ್ಲುತ್ತದೆ.

10,095 ಬಂದಿದ್ದರೆ

ವರ್ಷ ಪೂರ್ತಿ ಓಡಿದರೂ ಒಂದು ತಿಂಗಳಷ್ಟೇ ಬೆಳೆದಿದೆ. ಇದಕ್ಕೆ ಎರಡು ಕಾರಣ ಇರಬಹುದು, ಎರಡರ ಉತ್ತರವೂ ಒಂದೇ.

ಒಂದು, ಮೊದಲು ಹೇಳಿದ ಹಾಗೆ ಎರಡೆರಡು ಸಲ ಇಳಿಸಿದ್ದು. ಗುಣಕವನ್ನು 1.00948879 ಮಾಡಿದಿರಿ, ಜೊತೆಗೆ ಘಾತದಲ್ಲಿ ತಿ/12 ಅಂತಲೂ ಬರೆದಿರಿ. ಇನ್ನೊಂದು, ಗುಣಕ ಬದಲಾಯಿಸಿದಿರಿ, ಆದರೆ ಸೂತ್ರಕ್ಕೆ ತಿನ್ನಿಸುತ್ತಿರುವುದು ಇನ್ನೂ ವರ್ಷವನ್ನೇ. ಅಂದರೆ 12 ಕೊಡಬೇಕಾದ ಕಡೆ 1 ಕೊಡುತ್ತಿದ್ದೀರಿ. ಕಾಲದ ಕಾಲಮ್‌ನಲ್ಲಿ ಏನಿದೆ ನೋಡಿ. 12 ಇದ್ದರೆ ಮೊದಲನೆಯದು, 1 ಇದ್ದರೆ ಎರಡನೆಯದು. ಕಾಲಮ್‌ನ ತಲೆಬರಹ ನಂಬಬೇಡಿ. ‘ತಿಂಗಳು’ ಅಂತ ಬರೆದು ಕೆಳಗೆ 0.083, 0.167 ಅಂತ ತುಂಬಿದ ಹಾಳೆಗಳನ್ನು ನಾನು ನೋಡಿದ್ದೇನೆ.

ಇದರ ಉಲ್ಟಾ ತಪ್ಪು ಗುರುತಿಸಲು ಕನ್ನಡಕ ಬೇಡ. ಘಾತದಲ್ಲಿ 12ರಿಂದ ಭಾಗಿಸುವ ಬದಲು ಗುಣಿಸಿದರೆ ಮೊದಲ ತಿಂಗಳಲ್ಲೇ 10,000 ಹೋಗಿ 38,960 ಆಗುತ್ತದೆ. ವರ್ಷದ ಕೊನೆಗೆ ಸುಮಾರು 1 ಕೋಟಿ 22 ಲಕ್ಷ ಪಟ್ಟು! ಸೆಲ್ ತುಂಬಾ ### ಬಂದು ಅದೇ ಕೂಗಿ ಹೇಳುತ್ತದೆ.

11,095 ಬಂದಿದ್ದರೆ

ಇದು ನನ್ನ ಒಂದು ಇಡೀ ಸಂಜೆ ತಿಂದ ತಪ್ಪು. ದರ ನೋಡಿದೆ, ಸರಿ ಇತ್ತು. 12ನೇ ಘಾತಕ್ಕೆ ಏರಿಸಿ ನೋಡಿದೆ, 1.12 ಸರಿಯಾಗಿಯೇ ಬಂತು. ಪಕ್ಕದ ಸಾಲಿನ ಭಾಗಾಕಾರವೂ ಎಲ್ಲಾ ಕಡೆ 1.00948879. ಆದರೂ ಕೊನೆಯ ಸಾಲು 11,094.72. ಸೂತ್ರವನ್ನು ಮೂರು ಸಲ ಅಳಿಸಿ ಬರೆದೆ. ದೋಷ ಸೂತ್ರದಲ್ಲಿ ಇರಲೇ ಇಲ್ಲ.

ಜನವರಿಯಿಂದ ಡಿಸೆಂಬರ್‌ವರೆಗೆ ಸಾಲು 12, ಆದರೆ ಸಾಲಿನಿಂದ ಸಾಲಿಗೆ ಜಿಗಿತ 11. ಮೊದಲ ಸಾಲಿನಲ್ಲಿ 10,000 ಇದ್ದರೆ ಹನ್ನೆರಡನೇ ಸಾಲಿಗೆ ಬರುವ ಹೊತ್ತಿಗೆ ಹನ್ನೊಂದೇ ಸಲ ಗುಣಿಸಿರುತ್ತೀರಿ. 1.12^(11/12) = 1.10947. ಬೇಲಿಗೆ 12 ಕಂಬ ನೆಟ್ಟರೆ ನಡುವೆ 11 ಅಂಕಣ ಅಷ್ಟೇ. ಒಂದು ವರ್ಷ ಅಂದರೆ ಈ ಜನವರಿಯಿಂದ ಮುಂದಿನ ಜನವರಿವರೆಗೆ. 13ನೇ ಸಾಲು ಬೇಕು.

ಇದರ ಅಣ್ಣ ಒಬ್ಬ ಇದ್ದಾನೆ: 11,306. ಮೊದಲ ಸಾಲಿನಲ್ಲೇ ಒಮ್ಮೆ ಗುಣಿಸಿಟ್ಟು, ಆಮೇಲೆ 13ನೇ ಸಾಲನ್ನು ವರ್ಷದ ಕೊನೆ ಅಂತ ಓದಿದರೆ 13 ಜಿಗಿತ ಆಗುತ್ತದೆ. ಎರಡಕ್ಕೂ ಮದ್ದು ಒಂದೇ. ಸಾಲುಗಳಿಗೆ ತಿಂಗಳ ಹೆಸರು ಕೊಡುವ ಮೊದಲು 0, 1, 2 ಅಂತ ನಂಬರ್ ಹಾಕಿ. 0ನೇ ಸಾಲು ಆರಂಭ. 12 ಅಂತ ಬರೆದಿರುವ ಸಾಲು ವರ್ಷದ ಕೊನೆ.

11,183 ಬಂದಿದ್ದರೆ

ಮೊದಲು ದಿನದ ದರ ತೆಗೆದಿದ್ದೀರಿ, 365ನೇ ಮೂಲ. ಆಮೇಲೆ ಅದನ್ನು 30 ದಿನಕ್ಕೆ ಏರಿಸಿ ತಿಂಗಳು ಅಂದಿರಿ. 30 × 12 = 360. ಐದು ದಿನದ ಬೆಳವಣಿಗೆ ಎಲ್ಲೋ ಬಿದ್ದುಹೋಯಿತು. ತಿಂಗಳೂ ಸಮ ಇರಬೇಕು, ವರ್ಷವೂ ಕೂಡಬೇಕು ಅಂದರೆ ನೇರವಾಗಿ 12ನೇ ಮೂಲ ತೆಗೆಯಿರಿ. ನಿಜವಾದ ದಿನಗಳ ಲೆಕ್ಕವೇ ಬೇಕು ಅಂದರೆ ಆಯಾ ತಿಂಗಳ 28, 30, 31ನ್ನೇ ಘಾತದಲ್ಲಿ ಹಾಕಿ. ಎರಡನ್ನು ಬೆರೆಸಬೇಡಿ.

ಏರಲೇ ಇಲ್ಲ, ಅಥವಾ ಕುಸಿದುಬಿತ್ತು

ಇವು ಗಣಿತದ ತಪ್ಪುಗಳಲ್ಲ, ಟೈಪ್ ಮಾಡುವಾಗ ಆದವು. ಬೇಗ ಬೇಗ ನೋಡಿಬಿಡೋಣ.

ಮೊದಲ ತಿಂಗಳಲ್ಲೇ 10,000 ಹೋಗಿ 933 ಆಗಿದ್ದರೆ ಆವರಣ ಚಿಹ್ನೆ ಬಿಟ್ಟುಹೋಗಿದೆ. 1.12^1/12 ಅಂತ ಬರೆದರೆ ಯಂತ್ರ ಮೊದಲು 1.12^1 ಮಾಡಿ ಆಮೇಲೆ 12ರಿಂದ ಭಾಗಿಸುತ್ತದೆ. 0.0933. ಬರೆಯಬೇಕಾದ್ದು 1.12^(1/12).

ಎಲ್ಲಾ ಸಾಲಿನಲ್ಲೂ 10,000 ಹಾಗೇ ಕೂತಿದ್ದರೆ, ಅದೂ ನೀವು ಪ್ರೋಗ್ರಾಂ ಬರೆದಿದ್ದರೆ, 1/12 ಸೊನ್ನೆ ಆಗಿದೆ. ಸಿ, ಜಾವಾ ಭಾಷೆಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಾಂಶ ಭಾಗ ಬಿದ್ದುಹೋಗುತ್ತದೆ. ಸೊನ್ನೆ ಘಾತಕ್ಕೆ ಏರಿಸಿದರೆ ಏನೇ ಆದರೂ 1. ಹಳೆಯ ಪೈಥಾನ್ 2ರಲ್ಲೂ ಹೀಗೇ ಇತ್ತು. 2008ರಲ್ಲಿ ಬಂದ ಪೈಥಾನ್ 3 ಇದನ್ನು ಸರಿಮಾಡಿತು. 1.0/12 ಅಂತ ಬರೆದರೆ ಎಲ್ಲೆಡೆ ನಡೆಯುತ್ತದೆ. ಇನ್ನೊಂದು ವಿಷಯ: ಈ ಭಾಷೆಗಳಲ್ಲಿ ^ ಗುರುತು ಘಾತವೇ ಅಲ್ಲ, ಬೇರೆ ಕೆಲಸಕ್ಕಿದೆ. ಪೈಥಾನ್‌ನಲ್ಲಿ ** ಬಳಸಿ.

ವರ್ಷದ ಕೊನೆಗೆ 1,30,000 ಬಂದಿದ್ದರೆ ದರದ ಸೆಲ್‌ನಲ್ಲಿ 12% ಬದಲು 12 ಇದೆ. ಗುಣಕ 1.12 ಆಗುವ ಬದಲು 13 ಆಗಿದೆ. ಮೂಲ ಸರಿಯಾಗಿಯೇ ತೆಗೆದಿದ್ದೀರಿ, ಪಾಪ, ಆದರೆ 13ರದ್ದು.

ವರ್ಷದ ಕೊನೆಗೆ 1,200 ಮಾತ್ರ ಉಳಿದಿದ್ದರೆ? ಇದು ಸ್ವಲ್ಪ ಸೊಗಸಾದ ತಪ್ಪು. 1.12ರ ಬದಲು 0.12ಕ್ಕೆ 12ನೇ ಮೂಲ ತೆಗೆದಿದ್ದೀರಿ. ಅದು 0.838. ಅದರಿಂದ 12 ಸಲ ಗುಣಿಸಿದರೆ ಮತ್ತೆ 0.12 ಬರಲೇಬೇಕಲ್ಲ, ಬಂದಿದೆ. ಮೂಲ ತೆಗೆಯುವುದು ಗುಣಕಕ್ಕೆ. ಮೊದಲು ದರಕ್ಕೆ 1 ಸೇರಿಸಿ, ಮೂಲ ತೆಗೆಯಿರಿ, ಆಮೇಲೆ ಬೇಕಿದ್ದರೆ 1 ಕಳೆಯಿರಿ. ಈ ಕ್ರಮ ತಪ್ಪಬಾರದು.

ಸೆಲ್ ಶೇ. 1 ಅನ್ನುತ್ತದೆ, ಒಳಗೆ ಬೇರೆ ಇದೆ

11,268 ಬಂದರೆ ಭಾಗಾಕಾರ ಅಂದೆ. ಅದರಲ್ಲಿ ಒಂದು ಮೋಸ ಇದೆ, ಅದನ್ನೂ ಹೇಳಬೇಕು.

ಸೆಲ್‌ನಲ್ಲಿ ಸರಿಯಾದ ಸೂತ್ರ ಇದೆ. ಅದರ ಉತ್ತರ 0.00948879. ಆದರೆ ಸೆಲ್‌ಗೆ ಶೇಕಡಾ ಫಾರ್ಮ್ಯಾಟ್ ಕೊಟ್ಟು ದಶಾಂಶ ಸ್ಥಾನ ಸೊನ್ನೆ ಇಟ್ಟಿದ್ದಾರೆ. ಪರದೆಯ ಮೇಲೆ ಕಾಣುವುದು ‘1%’. ಒಳಗಿರುವ ಸಂಖ್ಯೆ ಹಾಗೇ ಇದೆ, ಆ ಸೆಲ್ ಬಳಸುವ ಲೆಕ್ಕವೂ ಸರಿ ಇರುತ್ತದೆ. ಆದರೆ ಯಾರೋ ಅದನ್ನು ನೋಡಿ ಇನ್ನೊಂದು ಹಾಳೆಯಲ್ಲಿ ಕೈಯಾರೆ 1% ಅಂತ ಟೈಪ್ ಮಾಡುತ್ತಾರೆ. ಆ ಹಾಳೆಯಲ್ಲಿ ಉತ್ತರ 11,268. ಯಾರೂ ಎಲ್ಲೂ 12ರಿಂದ ಭಾಗಿಸಿಲ್ಲ. ಆದರೂ ಅದೇ ತಪ್ಪು, ಅದೇ ಅಂಕಿ.

ಇವೆರಡನ್ನು ಬೇರೆ ಮಾಡುವುದು ಹೇಗೆ? ದರವನ್ನು ಶೇ. 100 ಮಾಡಿ ನೋಡಿ. ತಿಂಗಳ ದರ 8.33 ಆದರೆ ಭಾಗಾಕಾರ. 6 ಅಂತ ಕಂಡರೆ ಸೂತ್ರ ಸರಿ ಇದೆ, 5.95 ದುಂಡಗಾಗಿದೆ. ಏನೂ ಬದಲಾಗದೆ 1ರಲ್ಲೇ ನಿಂತರೆ ಯಾರೋ ಕೈಯಲ್ಲಿ ತುಂಬಿದ್ದು. ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಪಟ್ಟಿಯಲ್ಲಿ ಏನಿದೆ ಓದಿ. ಸೂತ್ರ ಇರಬೇಕು. ಬರೀ ಅಂಕಿ ಇದ್ದರೆ ಕಳ್ಳ ಸಿಕ್ಕ.

ದುಂಡಗೆ ಮಾಡಲೇಬೇಕು ಅಂದರೆ ಎಷ್ಟು ಅಂಕಿ ಇಟ್ಟುಕೊಳ್ಳಬೇಕು? ಹತ್ತು ವರ್ಷಕ್ಕೆ ಓಡಿಸಿ ನೋಡಿದೆ. 31,058 ಬರಬೇಕಾದ ಕಡೆ 1.009 ಇಟ್ಟರೆ 29,305. 1.0095 ಇಟ್ಟರೆ 31,100. ನನ್ನ ಅಭಿಪ್ರಾಯ ಕೇಳಿದರೆ, ಕಾಗದದ ಮೇಲೆ ಬರೆಯುವಾಗ ಕಡಿಮೆ ಅಂದರೂ ಆರು ದಶಾಂಶ ಸ್ಥಾನ ಇರಲಿ. ಹಾಳೆಯ ಒಳಗೆ ಅಂಕಿಯನ್ನೇ ಇಡಬೇಡಿ, ಸೂತ್ರ ಇಡಿ.

ಕೊನೆ ಸರಿ, ನಡು ತಪ್ಪು

12ನೇ ತಿಂಗಳು 11,200 ಸರಿಯಾಗಿದೆ. ಆದರೆ 6ನೇ ತಿಂಗಳು 10,583ರ ಬದಲು 10,600. ಇಲ್ಲಿ ಬೆಳವಣಿಗೆ ಘಾತೀಯವಾಗಿ ಆಗಿಲ್ಲ, ಗೆರೆ ಎಳೆದ ಹಾಗೆ ನೇರವಾಗಿ ಏರಿದೆ. 1,200ನ್ನು 12ರಿಂದ ಭಾಗಿಸಿ ತಿಂಗಳಿಗೆ 100 ಸೇರಿಸಿದ್ದಾರೆ. ವರ್ಷದ ಕೊನೆ ಕೂಡುವುದರಿಂದ ಯಾರೂ ಗಮನಿಸುವುದಿಲ್ಲ. ಪಕ್ಕದ ಸಾಲಿನ ಭಾಗಾಕಾರ ಉಪಯೋಗಕ್ಕೆ ಬರುವುದು ಇಲ್ಲೇ. ಮೊದಲ ತಿಂಗಳು ಶೇ. 1 ಏರಿದ್ದು ಹನ್ನೆರಡನೇ ತಿಂಗಳಿಗೆ ಶೇ. 0.90ಕ್ಕೆ ಇಳಿದಿರುತ್ತದೆ. ಜನವರಿಯಲ್ಲಿ ಮತ್ತೆ ಜಿಗಿಯುತ್ತದೆ, ಯಾಕೆಂದರೆ ಮುಂದಿನ ವರ್ಷ ತಿಂಗಳಿಗೆ 112. ಗ್ರಾಫ್ ಹಾಕಿದರೆ ವರ್ಷಕ್ಕೊಂದು ಮೊಣಕೈ ಕಾಣುತ್ತದೆ.

ಇಳಿಯುವ ಲೆಕ್ಕ

ವರ್ಷಕ್ಕೆ ಶೇ. 12 ಕಡಿಮೆಯಾಗುವುದಾದರೆ ಗುಣಕ 0.88. ವರ್ಷದ ಕೊನೆಗೆ 8,800 ಇರಬೇಕು. ತಿಂಗಳ ಗುಣಕ 0.989404, ಅಂದರೆ ತಿಂಗಳಿಗೆ ಶೇ. 1.06 ಇಳಿಕೆ. ಗಮನಿಸಿ, ಬೆಳೆಯುವಾಗ ತಿಂಗಳ ದರ 1ಕ್ಕಿಂತ ಕಡಿಮೆ ಇತ್ತು, ಇಳಿಯುವಾಗ 1ಕ್ಕಿಂತ ಜಾಸ್ತಿ. ಆರಂಭದಲ್ಲಿ ಇದು ವಿಚಿತ್ರ ಅನ್ನಿಸುತ್ತದೆ. ಇಳಿಯುತ್ತಾ ಹೋದಂತೆ ಕಡಿಯಲು ಸಿಗುವ ಮೊತ್ತವೇ ಸಣ್ಣದಾಗುತ್ತದಲ್ಲ, ಅದಕ್ಕೇ ದರ ಸ್ವಲ್ಪ ಜಾಸ್ತಿ ಬೇಕು.

8,864 ಬಂದರೆ ಭಾಗಿಸಿ ಶೇ. 1 ಇಳಿಸಿದ್ದೀರಿ. ಇಲ್ಲೂ ಉತ್ತರ ಮೇಲಕ್ಕೇ ಹೋಗಿದೆ ನೋಡಿ. 8,919 ಬಂದರೆ ಬೆಳವಣಿಗೆಯ 0.949ನ್ನೇ ತಂದು, ಮುಂದೆ ಮೈನಸ್ ಹಾಕಿದ್ದೀರಿ. ಏರುವ ದರಕ್ಕೆ ಮೈನಸ್ ಹಾಕಿದರೆ ಇಳಿಯುವ ದರ ಆಗುವುದಿಲ್ಲ. 0.88ಕ್ಕೇ ಮೂಲ ತೆಗೆಯಬೇಕು.

ಸೂತ್ರದ ರೂಪ ಬೇರೆ ಇದ್ದಾಗ

ಎಲ್ಲ ಸೂತ್ರಗಳೂ 1.12^ವ ಅಂತ ಬರುವುದಿಲ್ಲ. ‘ಐದು ವರ್ಷಕ್ಕೆ ಇಮ್ಮಡಿ’ ಅನ್ನುವುದು 2^(ವ/5). ತಿಂಗಳಿಗೆ ಇಳಿಸಿದರೆ 2^(ತಿ/60). ಇಲ್ಲಿ ಮೂಲ ತೆಗೆಯುವ ಕಷ್ಟವೇ ಇಲ್ಲ. ಐದು ವರ್ಷ ಅಂದರೆ 60 ತಿಂಗಳು, ಅಷ್ಟೇ. 5ನ್ನು ಹಾಗೇ ಬಿಟ್ಟರೆ ಐದು ತಿಂಗಳಿಗೊಮ್ಮೆ ಇಮ್ಮಡಿಯಾಗಿ, 60ನೇ ತಿಂಗಳಲ್ಲಿ 4,096 ಪಟ್ಟು ಆಗಿರುತ್ತದೆ. ತಿಂಗಳ ದರ ಬೇಕಿದ್ದರೆ 2ರ 60ನೇ ಮೂಲ, ಶೇ. 1.16.

1.12^(ವ + 2) ಅನ್ನುವ ರೂಪ ಸ್ವಲ್ಪ ಜಾಗ್ರತೆ ಕೇಳುತ್ತದೆ. ಆ 2 ಕೂಡ ವರ್ಷವೇ. ತಿಂಗಳ ಗುಣಕ ಹಾಕಿ ಘಾತದಲ್ಲಿ ತಿ + 2 ಅಂತ ಬರೆದರೆ ಆರಂಭವೇ ತಪ್ಪುತ್ತದೆ: 12,544 ಇರಬೇಕಾದ ಕಡೆ 10,191. ಬರೆಯಬೇಕಾದ್ದು ತಿ + 24. ಹಾಗಾಗಿ 0ನೇ ತಿಂಗಳು ಮತ್ತು ವರ್ಷದ ಸೂತ್ರದ 0ನೇ ವರ್ಷ ಕೂಡುತ್ತವಾ ಅಂತ ಮೊದಲೇ ನೋಡಿ. ಅದು ಕೂಡದಿದ್ದರೆ 12ನೇ ತಿಂಗಳು ನೋಡಿ ತಲೆ ಕೆಡಿಸಿಕೊಳ್ಳುವುದು ದಂಡ.

12 ತಿಂಗಳ ಮೊತ್ತ ಕೂಡುತ್ತಿಲ್ಲ

ದರ ಸರಿ, ಗುಣಕ ಸರಿ, ಸಾಲುಗಳೂ ಸರಿ. ಆದರೆ 12 ತಿಂಗಳನ್ನು ಕೂಡಿಸಿದರೆ ವರ್ಷದ ಅಂಕಿಗಿಂತ ಜಾಸ್ತಿ ಬರುತ್ತದೆ. ಇದು ಅನುಭವಸ್ಥರನ್ನೂ ಬೀಳಿಸುತ್ತದೆ.

ಅಂಕಿಗಳಲ್ಲಿ ಎರಡು ಜಾತಿ. ಒಂದು ‘ಈಗ ಇಷ್ಟಿದೆ’ ಅನ್ನುವುದು, ಜನಸಂಖ್ಯೆ, ಖಾತೆಯ ಬಾಕಿ, ಸದಸ್ಯರ ಸಂಖ್ಯೆ ಹಾಗೆ. ಇನ್ನೊಂದು ‘ಈ ವರ್ಷ ಪೂರ್ತಿ ಇಷ್ಟಾಯಿತು’ ಅನ್ನುವುದು, ಉತ್ಪಾದನೆ, ಮಾರಾಟ, ಬಳಸಿದ ವಿದ್ಯುತ್ ಹಾಗೆ. ಮೊದಲ ಜಾತಿಗೆ ದರ ಬದಲಾಯಿಸಿದರೆ ಸಾಕು. ಎರಡನೇ ಜಾತಿಗೆ ಆರಂಭದ ಅಂಕಿಯನ್ನೂ ಇಳಿಸಬೇಕು, ಯಾಕೆಂದರೆ ಅದು 12 ತಿಂಗಳ ಒಟ್ಟು ಮೊತ್ತ.

ಮೊದಲ ವರ್ಷ ಒಟ್ಟು 1,200, ಮುಂದಿನ ವರ್ಷ 1,344 ಅನ್ನಿ. 1,200ನ್ನು 12ರಿಂದ ಭಾಗಿಸಿ, ಮೊದಲ ತಿಂಗಳು 100 ಅಂತ ಹಾಕಿ ಬೆಳೆಸಿದರೆ ವರ್ಷದ ಮೊತ್ತ 1,264.65 ಆಗುತ್ತದೆ. 100 ಅನ್ನುವುದು ಸರಾಸರಿ ತಿಂಗಳು, ಮೊದಲ ತಿಂಗಳಲ್ಲ. ಮೊದಲ ತಿಂಗಳು ಅದಕ್ಕಿಂತ ಕಡಿಮೆ, ಕೊನೆಯದು ಜಾಸ್ತಿ ಇರಬೇಕು. ಸರಿಯಾದ ಮೊದಲ ತಿಂಗಳು ಹೀಗೆ ಸಿಗುತ್ತದೆ: 1,200 × 0.00948879 ÷ 0.12 = 94.89. ಅಲ್ಲಿಂದ ಏರುತ್ತಾ ಹನ್ನೆರಡನೇ ತಿಂಗಳು 105.28. ಕೂಡಿಸಿ ನೋಡಿ, 1,200. ಮುಂದಿನ ವರ್ಷದ ಒಂದೊಂದು ತಿಂಗಳೂ ಹಿಂದಿನ ವರ್ಷದ ಅದೇ ತಿಂಗಳ 1.12 ಪಟ್ಟು ಇರುವುದರಿಂದ ಮೊತ್ತ ತಾನಾಗೇ 1,344 ಆಗುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ನಿಜವಾಗಿ ಅಳೆದ ತಿಂಗಳ ಅಂಕಿಗಳು ನಿಮ್ಮ ಸಾಲುಗಳ ಮೇಲೆ ಕೂರದೇ ಇರಬಹುದು. ಒಂದು ತಿಂಗಳು ಏರಿ, ಇನ್ನೊಂದು ತಿಂಗಳು ಇಳಿದಿರಬಹುದು. ಅದನ್ನು ಸರಿಮಾಡಲು ಹೋಗಿ ಗುಣಕವನ್ನು ತಿದ್ದಬೇಡಿ. ವರ್ಷಕ್ಕೆ ಎರಡೇ ಬಿಂದು ಕೊಟ್ಟರೆ ಸೂತ್ರ ನಡುವಿನ ಹನ್ನೊಂದು ತಿಂಗಳನ್ನು ಸಮ ವೇಗದಲ್ಲಿ ತುಂಬುತ್ತದೆ, ಋತುಮಾನ ಅದಕ್ಕೆ ಗೊತ್ತಿಲ್ಲ. ಈ ವರ್ಷದ ಒಂದು ತಿಂಗಳನ್ನು ಹೋದ ವರ್ಷದ ಅದೇ ತಿಂಗಳಿನಿಂದ ಭಾಗಿಸಿ. ಹನ್ನೆರಡು ಭಾಗಲಬ್ಧಗಳೂ 1.12ರ ಆಸುಪಾಸಿನಲ್ಲಿ ಇದ್ದರೆ ನಿಮ್ಮ ತಿಂಗಳ ಸೂತ್ರದಲ್ಲಿ ದೋಷವಿಲ್ಲ.